ಬೀಗರೂಟಕ್ಕೆ ಬಂದ ಕೋವಿ

ಕೋವಿಗೆ ಪರವಾನಗಿ ಸಿಗುವುದು ಒಂದು ಉದ್ದೇಶಕ್ಕೆ. ಬೆಳೆ ಕಾಯಲು, ಜೀವ ಕಾಪಾಡಿಕೊಳ್ಳಲು, ಗುರಿ ಹೊಡೆಯುವ ಕ್ರೀಡೆಗೆ ಎಂದು ಅರ್ಜಿಯಲ್ಲಿ ಕಾರಣ ಕಾಣಿಸಬೇಕು. ಪೊಲೀಸರ ವರದಿ ಬರಬೇಕು, ಆಮೇಲೆ ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಯ ಅಧಿಕಾರದಲ್ಲಿ ಸಹಿ ಹಾಕಬೇಕು. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ತೆಂಗು, ರಾಗಿ ಬೆಳೆಯುವ ರೈತ ಹಂದಿ ಕಾಟಕ್ಕೆಂದು ಕೋವಿ ಕೇಳಿದರೂ, ಬೇಲೂರು ಕಡೆಯ ಕಾಫಿ ಬೆಳೆಗಾರ ತೋಟದೊಳಗಿನ ಒಂಟಿ ಮನೆಯ ರಕ್ಷಣೆಗೆಂದು ಕೇಳಿದರೂ ದಾರಿ ಇದೇ. ಲೈಸೆನ್ಸ್ ಪುಸ್ತಕದಲ್ಲಿ ಕೋವಿಯ ನಂಬರು, ತೋಟಾಗಳ ಮಿತಿ, ಒಯ್ಯಬಹುದಾದ ಪ್ರದೇಶ, ಅವಧಿ ಎಲ್ಲವೂ ನಮೂದಾಗಿರುತ್ತವೆ. ಆ ಪುಸ್ತಕ ಜೇಬಿನಲ್ಲಿದ್ದ ಮಾತ್ರಕ್ಕೆ ಕೋವಿಯನ್ನು ಬಾರಿಗೋ ಡಾಬಾಕ್ಕೋ ಬಾಡೂಟದ ಶಾಮಿಯಾನಕ್ಕೋ ಒಯ್ಯಬಹುದು ಎಂದು ನಂಬಿದವರು ಹಳ್ಳಿಗಳಲ್ಲೂ ಇದ್ದಾರೆ, ಪೇಟೆಗಳಲ್ಲೂ ಇದ್ದಾರೆ. ಈ ನಂಬಿಕೆ ತಪ್ಪು.

ಭಾರತದಲ್ಲಿ ಕೋವಿಗೆ ಸಂಬಂಧಿಸಿದ ಮೂಲ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ಅಡಿಯಲ್ಲಿ ಈಗ ಜಾರಿಯಲ್ಲಿರುವುದು 2016ರ ನಿಯಮಗಳು. ಇಪ್ಪತ್ತೊಂದು ವರ್ಷ ತುಂಬದವರಿಗೆ ಸಾಮಾನ್ಯವಾಗಿ ಪರವಾನಗಿ ಇಲ್ಲ. 2019ರ ತಿದ್ದುಪಡಿಯಾದ ಮೇಲೆ ಸಾಮಾನ್ಯವಾಗಿ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಮೊದಲು ಈ ಮಿತಿ ಮೂರಿತ್ತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಅರ್ಜಿದಾರ ಮದ್ಯಕ್ಕೋ ಮಾದಕ ವಸ್ತುವಿಗೋ ದಾಸನಾಗಿಲ್ಲ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಅನೇಕರು ಈ ಕಾಗದವನ್ನು ಒಂದು ವಿಧಿ ಎಂಬಂತೆ ಮುಗಿಸಿ ಮರೆತುಬಿಡುತ್ತಾರೆ. ಕುಡಿತಕ್ಕೂ ಕೋವಿಗೂ ಇರುವ ಸಂಬಂಧವನ್ನು ಕಾನೂನು ಮೊದಲ ಹೆಜ್ಜೆಯಲ್ಲೇ ಗಮನಿಸಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕೋವಿಯನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಬಗೆಗೂ ಕಟ್ಟುಪಾಡು ಇದೆ. ಪಿಸ್ತೂಲು, ರಿವಾಲ್ವರ್ ಆದರೆ ಮೈಗೆ ಕಟ್ಟಿದ ಚೀಲದಲ್ಲಿ, ಉದ್ದ ಕೋವಿಯಾದರೆ ಅದಕ್ಕೆಂದೇ ಮಾಡಿದ ಚೀಲದಲ್ಲಿ, ಹೊರಗೆ ಕಾಣದಂತೆ ಪೂರ್ತಿ ಮುಚ್ಚಿ ಒಯ್ಯಬೇಕು. ಒಯ್ಯುವವನ ಹಿಡಿತದಲ್ಲೇ ಅದು ಇರಬೇಕು. ಬೈಕಿನ ಹಿಂದೆ ಕೂತವನ ಹೆಗಲ ಮೇಲೆ ಬರಿ ನಳಿಗೆ ಎದ್ದು ಕಾಣುವುದು ನಮ್ಮ ಕಡೆಯ ಹಳೆಯ ದೃಶ್ಯ, ಆದರೆ ಅದು ನಿಯಮಕ್ಕೆ ಹೊಂದುವುದಿಲ್ಲ. ಇನ್ನೊಂದು ಷರತ್ತು ಬಹಳ ಹಿಂದಿನಿಂದಲೂ ಲೈಸೆನ್ಸ್‌ನಲ್ಲೇ ಇದೆ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಬೇರೆ ಸಭೆ ಸಮಾರಂಭಗಳಿಗೆ, ಶಾಲಾ ಕಾಲೇಜುಗಳ ಆವರಣಕ್ಕೆ ಕೋವಿ ತರಕೂಡದು. ಮಾಲೇಕಲ್ ತಿರುಪತಿಯ ತೇರಿಗೂ, ಬೇಲೂರಿನ ಚೆನ್ನಕೇಶವನ ರಥೋತ್ಸವಕ್ಕೂ, ಊರಿನ ಮಾರಿಹಬ್ಬಕ್ಕೂ ಇದು ಅನ್ವಯಿಸುತ್ತದೆ. ಮುನ್ನೂರು ಜನ ಪಂಕ್ತಿಯಲ್ಲಿ ಕೂರುವ ಬೀಗರೂಟವನ್ನು ಜನ ಸೇರಿದ ಸಮಾರಂಭವಲ್ಲ ಎಂದು ವಾದಿಸುವುದು ಕಷ್ಟ.

ಮದ್ಯ ಸಿಗುವ ಜಾಗ ಎಂದರೆ ಬಾರ್ ಅಂಡ್ ರೆಸ್ಟೋರೆಂಟ್ ಮಾತ್ರ ಎಂದುಕೊಂಡರೆ ನಮ್ಮ ಸೀಮೆಯ ಚಿತ್ರ ಅರ್ಧವಾಗುತ್ತದೆ. ಅಬಕಾರಿ ಲೆಕ್ಕದಲ್ಲಿ ಕೂತು ಕುಡಿಯುವ ಬಾರಿಗೆ ಸಿಎಲ್‌-9, ವಸತಿಗೃಹಕ್ಕೆ ಸಿಎಲ್‌-7, ಕ್ಲಬ್ಬಿಗೆ ಸಿಎಲ್‌-4, ಕಟ್ಟಿಸಿಕೊಂಡು ಹೋಗುವ ವೈನ್ ಸ್ಟೋರಿಗೆ ಸಿಎಲ್‌-2 ಎಂಬ ಪರವಾನಗಿಗಳಿವೆ. ಹಳ್ಳಿಯಲ್ಲಿ ಹೆಚ್ಚಿನ ಕುಡಿತ ನಡೆಯುವುದು ಈ ಯಾವ ಚೌಕಟ್ಟಿಗೂ ಸೇರದ ಕಡೆ: ತೋಟದ ಮನೆಯ ಜಗಲಿ, ಪಂಪ್‌ಸೆಟ್ ಶೆಡ್ಡು, ಹರಕೆಯ ಬಾಡೂಟ, ಮದುವೆ ಮುಗಿದ ಮೇಲಿನ ಬೀಗರೂಟ. ಅಪಾಯವೂ ಇಲ್ಲೇ ಹೆಚ್ಚು. ಬಾರಿನಲ್ಲಿ ಕೋವಿ ಕಂಡರೆ ಸಪ್ಲೈಯರ್ ಹುಡುಗನಾದರೂ ಬೆಚ್ಚಿ ಮಾಲೀಕನನ್ನು ಕರೆಯುತ್ತಾನೆ. ತೋಟದ ಮನೆಯಲ್ಲಿ ಗೋಡೆಗೆ ಒರಗಿಸಿದ ಕೋವಿಯನ್ನು ಗುದ್ದಲಿ ಹಾರೆಗಳಂತೆ ಯಾರೂ ಗಮನಿಸುವುದೇ ಇಲ್ಲ. ಎರಡನೇ ಪೆಗ್ಗು ಇಳಿದ ಮೇಲೆ ನೆಂಟರ ಪೈಕಿ ಯಾರೋ ಒಬ್ಬರು ಅದನ್ನು ಕೈಗೆತ್ತಿಕೊಂಡು ಹೆಗಲಿಗಿಟ್ಟು ನೋಡುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ.

ಮದ್ಯ ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಲೆಕ್ಕ ಕೋವಿ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ 30 ಮಿಲಿಯಲ್ಲಿ ಸುಮಾರು 10 ಗ್ರಾಂ, 60 ಮಿಲಿಯ ಒಂದು ಪೆಗ್ಗಿನಲ್ಲಿ 20 ಗ್ರಾಂ, 180 ಮಿಲಿಯ ಕ್ವಾರ್ಟರಿನಲ್ಲಿ 60 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 40 ಗ್ರಾಂಗೆ ಕಡಿಮೆ ಇರುವುದಿಲ್ಲ, ಎಂದರೆ ಎರಡು ಪೆಗ್ಗಿಗೆ ಸಮ. ಆರೋಗ್ಯವಂತ ದೊಡ್ಡವರ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ನಸುಕಿನ ನಾಲ್ಕಕ್ಕೂ ಮದ್ಯ ಇರುವ ಸಾಧ್ಯತೆ ದೊಡ್ಡದು, ಮತ್ತು ಹಂದಿ ಹೊಲಕ್ಕೆ ನುಗ್ಗುವ ಹೊತ್ತೂ ಅದೇ. ಚಳಿಗೆಂದು ಒಂದಿಷ್ಟು ಹಾಕಿಕೊಂಡು ರಾಗಿ ಹೊಲದ ಕಾವಲಿಗೆ ಕೂರುವ ರೂಢಿ ಹೊಸದಲ್ಲ. ಕತ್ತಲಲ್ಲಿ ಸರಿದಾಡಿದ್ದು ಹಂದಿಯೋ, ನೀರು ಕಟ್ಟಲು ಬಂದ ಪಕ್ಕದ ಹೊಲದವನೋ ಎಂದು ತೀರ್ಮಾನಿಸಬೇಕಾದ ಮಿದುಳು ಆಗ ತನ್ನ ಪೂರ್ಣ ಶಕ್ತಿಯಲ್ಲಿ ಇರುವುದಿಲ್ಲ.

ಕೈ ನಡುಗಿದರೆ, ನಾಲಗೆ ತೊದಲಿದರೆ ಮಾತ್ರ ಅಮಲು ಎಂಬುದು ಸಾಮಾನ್ಯ ತಿಳಿವಳಿಕೆ. ನಿಜದಲ್ಲಿ ಮೊದಲು ಸಡಿಲವಾಗುವುದು ವಿವೇಚನೆ. ಇದು ಬೇಡ ಎಂದು ಒಳಗೆ ತಡೆಯುವ ಶಕ್ತಿ ಮೊದಲ ಪೆಗ್ಗಿನಿಂದಲೇ ತಗ್ಗತೊಡಗುತ್ತದೆ. ಸಿಟ್ಟು ಬೇಗ ಏರುತ್ತದೆ, ಕಣ್ಣಂಚಿನ ನೋಟ ಕಿರಿದಾಗುತ್ತದೆ. ನಡಿಗೆ ತಪ್ಪುವುದು ಬಹಳ ನಂತರ. ನಾನು ಸರಿಯಾಗೇ ಇದ್ದೇನೆ ಎಂದು ಕುಡಿದವನು ಹೇಳುವಾಗ ಸುಳ್ಳು ಹೇಳುತ್ತಿರುವುದಿಲ್ಲ. ತನ್ನನ್ನು ಅಳೆದುಕೊಳ್ಳುವ ಸಾಮರ್ಥ್ಯವೇ ಆಗ ಕುಂದಿರುತ್ತದೆ. ವಾಹನ ಓಡಿಸುವವರಿಗೆ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಗಡಿಯನ್ನು ಮೋಟಾರು ವಾಹನ ಕಾಯ್ದೆ ಹಾಕಿದೆ. ಕೋವಿ ಹಿಡಿದವರಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಂಥ ಅಳತೆ ಇಲ್ಲ. ಅಳತೆ ಇಲ್ಲವೆಂದರೆ ಸ್ವಲ್ಪ ಕುಡಿಯಬಹುದು ಎಂದಲ್ಲ. ಜವಾಬ್ದಾರಿಯುಳ್ಳವನ ಲೆಕ್ಕದಲ್ಲಿ ಆ ಗಡಿ ಸೊನ್ನೆ.

ಕೋವಿಯ ಒಳಗಿನ ಸಂಗತಿಯನ್ನೂ ಹತ್ತಿರದಿಂದ ನೋಡಬೇಕು. ಹಳ್ಳಿಗಳಲ್ಲಿ ಹೆಚ್ಚಾಗಿ ಇರುವುದು ಹನ್ನೆರಡು ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆಯ ತೋಟಾ ಕೋವಿ. ಅದನ್ನು ಖಾಲಿ ಮಾಡುವುದು ಸುಲಭ. ಬಾಯಿಯನ್ನು ಜನರಿಲ್ಲದ ಕಡೆಗೆ, ನೆಲದತ್ತ ಹಿಡಿದು, ಮೇಲಿನ ಕೀಲನ್ನು ಬಲಕ್ಕೆ ಒತ್ತಿದರೆ ನಳಿಗೆ ಮಡಿಸಿಕೊಳ್ಳುತ್ತದೆ. ತೋಟಾ ಹೊರತೆಗೆದು, ಎರಡೂ ನಳಿಗೆಗಳ ತುದಿಯವರೆಗೆ ಬೆಳಕು ಕಾಣುವುದೇ ಎಂದು ಕಣ್ಣಿಟ್ಟು ನೋಡಬೇಕು, ಬೆರಳು ಹಾಕಿಯೂ ನೋಡಬೇಕು. ಸೇಫ್ಟಿ ಹಾಕಿದೆ ಎಂಬುದು ಖಾಲಿ ಇದೆ ಎಂಬುದಕ್ಕೆ ಬದಲಿಯಲ್ಲ. ಎಷ್ಟೋ ಜೋಡು ನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ತುಂಬಿದ ಕೋವಿ ಕೈಜಾರಿ ಗಟ್ಟಿ ನೆಲಕ್ಕೆ ಬಿದ್ದರೆ ಒಳಗಿನ ಸುತ್ತಿಗೆ ಕಳಚಿ ಈಡು ಹಾರಬಹುದು. ಕುಡಿದವರ ಕೂಟದಲ್ಲಿ ಕೋವಿ ಬೀಳುವುದು ಅಪರೂಪದ ಸಂಗತಿಯಲ್ಲ.

ಕೇಪಿನ ಕೋವಿಯ ಕಥೆ ಇನ್ನೂ ಕಷ್ಟದ್ದು. ನಳಿಗೆಯ ಬಾಯಿಂದ ಮದ್ದು, ಅದರ ಮೇಲೆ ನಾರು, ಆಮೇಲೆ ಚರೆ ಹಾಕಿ ಗಜದಿಂದ ಜಡಿದ ಮೇಲೆ ಅದನ್ನು ಖಾಲಿ ಮಾಡಲು ಹಾರಿಸುವುದೊಂದೇ ಸುಲಭದ ದಾರಿ. ಕೇಪು ಕಿತ್ತಿಟ್ಟರೆ ಅಪಾಯ ತಗ್ಗುತ್ತದೆ ಹೊರತು ಮದ್ದು ಒಳಗೇ ಇರುತ್ತದೆ. ಹೊಲದ ಕಾವಲಿಗೆ ತುಂಬಿಟ್ಟ ಇಂಥ ಕೋವಿಯನ್ನು ಯಾರೂ ಖಾಲಿ ಮಾಡಿಕೊಂಡು ಊಟದ ಮನೆಗೆ ಬರುವುದಿಲ್ಲ. ಬಂದದ್ದು ತುಂಬಿದ ಕೋವಿಯೇ ಎಂದು ತಿಳಿಯುವುದು ಕ್ಷೇಮ.

ದೇಶದ ಎರಡು ಪ್ರಕರಣಗಳನ್ನು ಇಲ್ಲಿ ನೆನೆಯಲೇಬೇಕು. 1999ರ ಏಪ್ರಿಲ್ 29ರ ರಾತ್ರಿ ದೆಹಲಿಯ ಮೆಹ್ರೌಲಿಯಲ್ಲಿ ಟ್ಯಾಮರಿಂಡ್ ಕೋರ್ಟ್ ಎಂಬ ರೆಸ್ಟೋರೆಂಟಿನಲ್ಲಿ ಪಾರ್ಟಿ ನಡೆದಿತ್ತು. ಮದ್ಯ ಬಡಿಸುವ ಹೊತ್ತು ಮುಗಿದಿದೆ ಎಂದು ನಿರಾಕರಿಸಿದ, ಅಲ್ಲಿ ಮದ್ಯ ಬಡಿಸುತ್ತಿದ್ದ ಜೆಸ್ಸಿಕಾ ಲಾಲ್ ಮೇಲೆ ಮನು ಶರ್ಮಾ ಎಂಬಾತ ಗುಂಡು ಹಾರಿಸಿದ. ಒಂದು ಗುಂಡು ಚಾವಣಿಗೆ, ಇನ್ನೊಂದು ಅವಳ ತಲೆಗೆ. 2006ರ ಫೆಬ್ರುವರಿಯಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಟ್ಟಿತು. ದೇಶದಲ್ಲಿ ಆಕ್ರೋಶ ಎದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮನು ಶರ್ಮಾಗೆ ಜೀವಾವಧಿ ಶಿಕ್ಷೆ ವಿಧಿಸಿತು, 2010ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ಪೆಗ್ಗು ಸಿಗಲಿಲ್ಲ ಎಂಬುದಕ್ಕಿಂತ ದೊಡ್ಡ ಜಗಳ ಅಲ್ಲಿ ಇರಲಿಲ್ಲ. ಪಿಸ್ತೂಲು ಆ ಕೋಣೆಯೊಳಗೆ ಇಲ್ಲದಿದ್ದರೆ ಆ ರಾತ್ರಿ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಎರಡನೆಯದು 2016ರ ಡಿಸೆಂಬರಿನಲ್ಲಿ ಪಂಜಾಬಿನ ಬಠಿಂಡಾ ಜಿಲ್ಲೆಯ ಮೌಡ್ ಮಂಡಿಯ ಮದುವೆ ಮನೆಯಲ್ಲಿ ನಡೆದದ್ದು. ಅತಿಥಿಯೊಬ್ಬ ಸಂಭ್ರಮಕ್ಕೆಂದು ಹಾರಿಸಿದ ಗುಂಡು ವೇದಿಕೆಯ ಮೇಲೆ ಕುಣಿಯುತ್ತಿದ್ದ ಯುವತಿಯನ್ನು ಕೊಂದಿತು. ಮೊದಲನೆಯದು ಕೋಪದ ಗುಂಡು, ಎರಡನೆಯದು ಖುಷಿಯ ಗುಂಡು.

2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಖುಷಿಯ ಗುಂಡನ್ನು ಹೆಸರಿಸಿಯೇ ಅಪರಾಧವಾಗಿಸಿತು. ಸಾರ್ವಜನಿಕ ಸಭೆ, ಧಾರ್ಮಿಕ ಸ್ಥಳ, ಮದುವೆ ಅಥವಾ ಬೇರೆ ಸಮಾರಂಭದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಖಾಲಿ ತೋಟಾ ಹಾರಿಸಿದೆ ಎಂಬ ಸಮಜಾಯಿಷಿ ನಡೆಯದು, 2016ರ ನಿಯಮಗಳು ಅದನ್ನೂ ನಿಷೇಧಿಸಿವೆ. ಸಾವು ಸಂಭವಿಸಿದರೆ ವಿಷಯ ಇಲ್ಲಿಗೆ ನಿಲ್ಲುವುದಿಲ್ಲ. ಭಗವಾನ್ ಸಿಂಗ್ ಎಂಬವರ ಪ್ರಕರಣದಲ್ಲಿ 2020ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಮದುವೆಯಲ್ಲಿ ಚಾವಣಿಯತ್ತ ಹಾರಿಸಿದ ಗುಂಡಿನ ಚರೆ ಸಿಡಿದು ಜನ ಸತ್ತದ್ದನ್ನು ಬರಿಯ ಅಜಾಗರೂಕತೆ ಎಂದು ಬಿಡದೆ, ಕೊಲೆಯಲ್ಲದ ನರಹತ್ಯೆ ಎಂದು ಪರಿಗಣಿಸಿತು. ಜನ ತುಂಬಿದ ಕಡೆ ಹಾರಿಸಿದ ಚರೆ ಎಲ್ಲೆಲ್ಲಿ ಹೋಗಬಹುದು ಎಂಬುದು ಕೋವಿ ಇಟ್ಟುಕೊಂಡವನಿಗೆ ಗೊತ್ತಿರಲೇಬೇಕು ಎಂಬುದು ಇದರ ತಾತ್ಪರ್ಯ.

ಕುಡಿದ ಮತ್ತಿನಲ್ಲಿ ಆಯಿತು ಎಂಬ ಮಾತಿಗೂ ಕೋರ್ಟಿನಲ್ಲಿ ಹೆಚ್ಚು ಬೆಲೆ ಇಲ್ಲ. ತಾನಾಗಿಯೇ ಕುಡಿದವನಿಗೆ ಎಚ್ಚರದಲ್ಲಿರುವವನಿಗೆ ಇರುವಷ್ಟೇ ತಿಳಿವು ಇತ್ತು ಎಂದು ಭಾರತೀಯ ನ್ಯಾಯ ಸಂಹಿತೆ ಭಾವಿಸುತ್ತದೆ. ಗುಂಡು ಹಾರಿಸುವುದೇ ಬೇಡ, ಬಾರಿನ ಜಗಳದಲ್ಲಿ ಸೊಂಟದ ಪಿಸ್ತೂಲು ತೋರಿಸಿ ಕೊಲ್ಲುತ್ತೇನೆ ಎಂದರೆ ಅದು ಏಳು ವರ್ಷದವರೆಗೆ ಶಿಕ್ಷೆ ಇರುವ ಬೆದರಿಕೆಯ ಅಪರಾಧ. ಲೈಸೆನ್ಸಿನ ಷರತ್ತು ಮುರಿದದ್ದಕ್ಕೇ ಆರು ತಿಂಗಳವರೆಗೆ ಜೈಲಿಗೆ ಅವಕಾಶವಿದೆ. ಷರತ್ತು ಮುರಿದವನ, ಅಥವಾ ಸಾರ್ವಜನಿಕ ಶಾಂತಿಗೆ ಭಂಗ ತರಬಹುದಾದವನ ಪರವಾನಗಿಯನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವೂ ಜಿಲ್ಲಾ ದಂಡಾಧಿಕಾರಿಗೆ ಇದೆ. ಒಮ್ಮೆ ಹೋದ ಲೈಸೆನ್ಸ್ ಮತ್ತೆ ಸಿಗುವುದು ಸುಲಭದ ಮಾತಲ್ಲ. ತಾತನ ಕಾಲದಿಂದ ಬಂದ ಕೋವಿ ಒಂದು ಸಂಜೆಯ ಮೆರೆದಾಟದಿಂದ ಮನೆ ಬಿಟ್ಟು ಹೋಗುತ್ತದೆ.

ಕೊಡಗಿನ ಸ್ಥಿತಿ ಬೇರೆ. ಕೊಡವ ಕುಲದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಕೆಲವು ಬಗೆಯ ಕೋವಿ ಹೊಂದುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ಕೊಡಗಿನಲ್ಲಿ ಕೋವಿ ಪೂಜೆಯ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ತೊಳೆದು, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಹಳೆಯದು. ಹಬ್ಬದ ಊಟದಲ್ಲಿ ಹಂದಿ ಮಾಂಸ, ಕಡಂಬುಟ್ಟಿನ ಜೊತೆ ಮದ್ಯವೂ ಇರುತ್ತದೆ. ಕೋವಿಯೂ ಮದ್ಯವೂ ಒಂದೇ ಅಂಗಳಕ್ಕೆ ಬರುವ ಈ ಸಂಪ್ರದಾಯ ತಲೆಮಾರುಗಳಿಂದ ಉಳಿದು ಬಂದಿರುವುದಕ್ಕೆ ಕಾರಣ ಅದರ ಹಿಂದಿನ ಶಿಸ್ತು. ಆಯುಧಕ್ಕೆ ಮನೆಯಲ್ಲಿ ಅದರದೇ ಜಾಗವಿದೆ, ಅದನ್ನು ಯಾವಾಗ ಯಾರು ಮುಟ್ಟಬೇಕು ಎಂಬುದಕ್ಕೆ ಹಿರಿಯರ ಮಾತಿದೆ, ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆಗೆ ಬಯಲಿದೆ. ಆ ಶಿಸ್ತನ್ನು ಬಿಟ್ಟು ಗುಂಡಿನ ಸದ್ದನ್ನಷ್ಟೇ ಬಯಲುಸೀಮೆಯ ಮದುವೆಗೆ ತಂದರೆ ಉಳಿಯುವುದು ಅಪಾಯ ಮಾತ್ರ. ಆ ವಿನಾಯಿತಿಯೂ ಪರವಾನಗಿ ಪಡೆಯುವುದರಿಂದಷ್ಟೇ. ಅಜಾಗರೂಕತೆಯ ಗುಂಡಿಗೆ ಕೊಡಗಿನಲ್ಲೂ ಶಿಕ್ಷೆ ಇದೆ.

ಕೆಲವು ಹೊರದೇಶಗಳಲ್ಲಿ ಮದ್ಯದ ಜಾಗಕ್ಕೆ ಕೋವಿ ಒಯ್ಯಬಹುದೇ ಎಂಬ ಪ್ರಶ್ನೆ ದಿನನಿತ್ಯದ್ದು. ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿದ ಕನ್ನಡಿಗರು ಬಾರುಗಳ ಬಾಗಿಲಲ್ಲಿ ದೊಡ್ಡ ಕೆಂಪು ಅಕ್ಷರದ 51% ಎಂಬ ಫಲಕ ನೋಡಿರುತ್ತಾರೆ. ಅಲ್ಲೇ ಕುಡಿಯುವ ಮದ್ಯದ ಮಾರಾಟದಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಬರುವ ಜಾಗ ಅದು, ಒಳಗೆ ಪಿಸ್ತೂಲು ಒಯ್ಯಕೂಡದು ಎಂಬುದು ಅದರ ಅರ್ಥ. ಒಹಾಯೋ ರಾಜ್ಯ 2011ರಲ್ಲಿ ಬೇರೆ ದಾರಿ ಹಿಡಿಯಿತು: ಪರವಾನಗಿ ಇರುವವನು ಕೋವಿಯೊಂದಿಗೆ ಬಾರಿಗೆ ಬರಬಹುದು, ಆದರೆ ಕುಡಿಯುವಂತಿಲ್ಲ ಎಂದಿತು. ಆತ್ಮರಕ್ಷಣೆಗೆಂದು ಮೈಮೇಲೆ ಪಿಸ್ತೂಲು ಒಯ್ಯುವುದು ಹಕ್ಕು ಎನ್ನುವ ದೇಶವೂ ಮದ್ಯದ ಮುಂದೆ ಗೆರೆ ಎಳೆದಿದೆ. ಹಕ್ಕಿಲ್ಲದ, ಅನುಮತಿ ಮಾತ್ರ ಇರುವ ನಮ್ಮಲ್ಲಿ ಗೆರೆ ಇನ್ನೂ ಹಿಂದೆಯೇ ಬೀಳುತ್ತದೆ.

ಹಾಗಾದರೆ ಲೈಸೆನ್ಸ್‌ದಾರ ಮಾಡಬೇಕಾದದ್ದೇನು? ತೀರ್ಮಾನ ಮನೆ ಬಿಡುವ ಮೊದಲೇ ಆಗಬೇಕು. ಕುಡಿಯುವ ಕಡೆಗೆ ಹೊರಟರೆ ಕೋವಿ ಮನೆಯಲ್ಲಿ, ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ. ತೋಟಾಗಳು ಬೇರೆ ಕಡೆ, ಬೇರೆ ಬೀಗದಲ್ಲಿ. ಕೋವಿ ಜೊತೆಗಿರಲೇಬೇಕಾದ ದಿನ, ಅಂದರೆ ದುಡ್ಡು ಸಾಗಿಸುವಾಗ, ನವೀಕರಣಕ್ಕೆಂದು ಹಾಸನಕ್ಕೆ ಹೋಗುವಾಗ, ಹೊಲದ ಕಾವಲಿಗೆ ಕೂರುವಾಗ ಒಂದು ಗುಟುಕೂ ಇಲ್ಲ. ಹಾಸನದಿಂದ ಬರುವಾಗ ದಾರಿಯಲ್ಲಿ ಹಸಿವಾದರೆ ಬಾರಿನ ಬದಲು ಮುದ್ದೆ ಹೋಟೆಲಿಗೆ ಹೋಗಬಹುದು. ಕಾರಿನಲ್ಲಿಟ್ಟು ಒಳಗೆ ಹೋಗಿ ಬರುತ್ತೇನೆ ಎನ್ನುವುದು ಪರಿಹಾರವಲ್ಲ. ಕಾರಿನ ಗಾಜು ಒಡೆಯಲು ಕಲ್ಲು ಸಾಕು. ಡ್ರೈವರಿಗೋ ಸ್ನೇಹಿತನಿಗೋ ಹಿಡಿದುಕೊಂಡಿರು ಎಂದು ಕೊಟ್ಟು ಹೋದರೆ ಲೈಸೆನ್ಸ್ ಇಲ್ಲದವನ ಕೈಗೆ ಆಯುಧ ಕೊಟ್ಟ ಅಪರಾಧವಾಗುತ್ತದೆ. ಬಾರಿನ ಕೌಂಟರಿನಲ್ಲಿ ಇಟ್ಟುಕೊಳ್ಳಿ ಎಂದು ಒಪ್ಪಿಸುವುದೂ ಅಷ್ಟೇ, ಆ ಮಾಲೀಕನಿಗೆ ಮದ್ಯ ಮಾರುವ ಲೈಸೆನ್ಸ್ ಇದೆ, ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಇಲ್ಲ.

ಕೋವಿ ಹಿಡಿದವನೇ ಎಲ್ಲವನ್ನೂ ನೋಡಿಕೊಳ್ಳಲಿ ಎಂದು ಉಳಿದವರು ಸುಮ್ಮನಿರುವಂತಿಲ್ಲ. ಬಾರಿನವರು ಕೋವಿ ಕಂಡ ತಕ್ಷಣ ಮದ್ಯ ಬಡಿಸುವುದನ್ನು ನಿಲ್ಲಿಸಬೇಕು. ಜಗಳಕ್ಕಿಳಿಯದೆ, ಕಸಿಯಲು ಹೋಗದೆ, 112ಕ್ಕೆ ಕರೆ ಮಾಡಬೇಕು. ಬೀಗರೂಟ ಇಟ್ಟುಕೊಂಡ ಮನೆಯ ಯಜಮಾನ ಕೋವಿ ಇರುವ ನೆಂಟರಿಗೆ ಹಿಂದಿನ ದಿನವೇ ಫೋನು ಮಾಡಿ, ದೊಡ್ಡಪ್ಪ, ಈ ಸಲ ಕೋವಿ ತರುವುದು ಬೇಡ ಎಂದು ಹೇಳಿಬಿಟ್ಟರೆ ಮುನಿಸಾಗಬಹುದು. ಆದರೆ ಆ ಮುನಿಸು ಮುಂದಿನ ಹಬ್ಬದ ಹೊತ್ತಿಗೆ ಕರಗುತ್ತದೆ. ಮನೆಯಲ್ಲಿ ಗಂಡನೋ ಮಗನೋ ಕುಡಿತಕ್ಕೆ ಬಿದ್ದಿದ್ದರೆ, ದಿನವೂ ರಂಪ ಮಾಡುತ್ತಿದ್ದರೆ, ಬೀರುವಿನ ಕೀಲಿ ಅವರ ಕೈಗೆ ಸಿಗದಂತೆ ನೋಡಿಕೊಳ್ಳುವುದು ಮೊದಲ ಕೆಲಸ, ಠಾಣೆಗೆ ತಿಳಿಸುವುದು ಎರಡನೆಯದು. ಮರ್ಯಾದೆಗೆ ಅಂಜಿ ಇದನ್ನು ಮುಂದೂಡಿದ ಮನೆಗಳಲ್ಲಿ ಹೆಂಡತಿ ಮಕ್ಕಳ ಮೇಲೆ, ಎಷ್ಟೋ ಸಲ ಕುಡಿದವನ ಮೇಲೆಯೇ, ಅದೇ ಕೋವಿ ತಿರುಗಿದೆ.

ಹಲವು ದಿನ ಊರು ಬಿಡುವವರಿಗೆ, ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ, ಚಟ ಬಿಡಿಸುವ ಚಿಕಿತ್ಸೆಗೆ ಸೇರುವವರಿಗೆ ಇನ್ನೂ ಒಂದು ದಾರಿ ಇದೆ. ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಬಹುದು. ಚುನಾವಣೆ ಬಂದಾಗ ಜಿಲ್ಲಾಡಳಿತದ ಆದೇಶದಂತೆ ಠಾಣೆಗೆ ಕೋವಿ ಒಪ್ಪಿಸಿ, ಫಲಿತಾಂಶದ ನಂತರ ಬಿಡಿಸಿಕೊಂಡು ಬರುವುದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿರುವ ಕ್ರಮವೇ. ಕೋವಿ ಮತ್ತು ಲೈಸೆನ್ಸ್ ಪುಸ್ತಕವನ್ನು ತೋರಿಸಿ, ನಂಬರು ಹೋಲಿಸಿ ನೋಡಿಸಿ, ತೋಟಾಗಳ ಲೆಕ್ಕವನ್ನೂ ಬರೆಸಿ ರಸೀದಿ ಪಡೆಯಬೇಕು. ಮರಳಿ ಪಡೆಯುವಾಗ ಅದೇ ರಸೀದಿಯನ್ನು ಕೊಟ್ಟು, ನಳಿಗೆ ಮಡಿಸಿ ಖಾಲಿ ಇರುವುದನ್ನು ಅಲ್ಲೇ ಖಚಿತ ಮಾಡಿಕೊಂಡು ಚೀಲಕ್ಕೆ ಹಾಕಬೇಕು.